ನಾಲ್ಕು ಚೌಕ

ಊರ ಹೆಸರು ಸನ್ನಿಸೈಡ್, ಅಂದರೆ ಬಿಸಿಲ ಮಗ್ಗುಲು.
ನವೆಂಬರಿನಿಂದ ಬಿಸಿಲು ಈ ಕಡೆ ಮುಖ ಹಾಕಿಲ್ಲ.
ಯಾಕಿಮಾ ಕಣಿವೆಯ ಮೇಲೆ ಮಂಜು,
ಪಾತ್ರೆಗೆ ತಟ್ಟೆ ಮುಚ್ಚಿಟ್ಟು ಮರೆತ ಹಾಗೆ.
ಕ್ಲಿನಿಕ್ಕಿನ ಪ್ಲಾಸ್ಟಿಕ್ ಕುರ್ಚಿಯಲ್ಲಿ ಅಮ್ಮ.
ಪಕ್ಕದಲ್ಲಿ ನಾನು, ಅವಳ ಬಾಯಿ.

ಹತ್ತೊಂಬತ್ತು ನನಗೆ. ಏಳರಿಂದಲೂ ಇದೇ ಕೆಲಸ:
ಬಾಡಿಗೆಯ ಕಾಗದ, ಕರೆಂಟಿನ ಬಿಲ್ಲು,
ತಮ್ಮ ಉಬಾಲ್ದೋನ ಮೇಲೆ ಮೇಷ್ಟರ ದೂರು.
ಅಪ್ಪನನ್ನು ಗಡಿಯಾಚೆ ಕಳಿಸಿದ ವರ್ಷ
ವಕೀಲ ಫೋನಿನಲ್ಲಿ ಹೇಳಿದ ‘ಇಲ್ಲ’.
ಆ ಇಲ್ಲವನ್ನು ಹಕ್ಕಿಯ ಹಾಗೆ ಅಗಿದಗಿದು
ಮೆತ್ತಗೆ ಮಾಡಿ ಅಮ್ಮನಿಗೆ ಉಣಿಸಿದ್ದೆ.
ನಾರು ನನ್ನ ಗಂಟಲಲ್ಲೇ ಉಳಿಯಿತು.

ಇವತ್ತು ನರ್ಸು ಕೊಟ್ಟದ್ದು ಹಸಿರು ಹಾಳೆ.
ಒಂಬತ್ತು ಪ್ರಶ್ನೆ, ಒಂದೊಂದಕ್ಕೂ ನಾಲ್ಕು ಚೌಕ:
ಇಲ್ಲವೇ ಇಲ್ಲ. ಕೆಲವು ದಿನ.
ಅರ್ಧಕ್ಕಿಂತ ಹೆಚ್ಚು. ಹೆಚ್ಚುಕಡಿಮೆ ದಿನಾಲೂ.
ಸ್ಪ್ಯಾನಿಷ್ ಹಾಳೆ ಮುಗಿದಿದೆಯಂತೆ.
“ಮಗಳಿದ್ದಾಳಲ್ಲ” ಅಂದಳು.

ಈ ಹದಿನೈದು ದಿನದಲ್ಲಿ, ಅಮ್ಮ,
ಯಾವುದೂ ಬೇಡ ಅನ್ನಿಸಿತ್ತಾ, ಗಾನಾಸ್ ಇರಲಿಲ್ಲವಾ?
(ಮನಸ್ಸು ತಾನಾಗಿ ಏಳುವುದಕ್ಕೆ ನಮ್ಮ ಮಾತು ಅದು.)
ಅಮ್ಮ ನಕ್ಕಳು. “ಗಾನಾಸ್ ಬರಲಿ ಅಂತ ಕಾದರೆ
ಸೇಬು ತುಂಬುವವರು ಯಾರು, ಮಿಹಾ?
ಬೆಲ್ಟು ಓಡುತ್ತದೆ, ಕೈ ಓಡುತ್ತದೆ. ಇಲ್ಲ ಅಂತ ಬರಿ.”
ಬರೆದೆ.
ನಿದ್ದೆ? “ಬಿದ್ದರೆ ಹೆಣ.”
ಹಸಿವು? “ಪುಣ್ಯಕ್ಕೆ ಇದೆ.”

ಪ್ರಶ್ನೆ ಪ್ರತಿಸಲ ನನ್ನ ಬಾಯಿ ದಾಟುವಾಗ
ಹಲ್ಲಿಗೆ ತಾಗಿ ಸದ್ದಾಗುತ್ತಿತ್ತು.
ಬೆಳಗಿನ ಮೂರಕ್ಕೆ ಫ್ರಿಜ್ಜಿನ ಗುಂಯ್ಗುಡುವಿಕೆ ಎಣಿಸುವವಳು ನಾನು.
ಕಾಲೇಜಿನ ಪಾರ್ಕಿಂಗಿನಲ್ಲಿ, ಕಾರೊಳಗೆ ಕೂತು,
ಡಬ್ಬಿ ತೆರೆದು ಹಾಗೇ ಮುಚ್ಚುವವಳು ನಾನು.
ಉಬಾಲ್ದೋ ನಡುರಾತ್ರಿ ಬಂದರೂ ಬಿಸಿ ಊಟ; ಅವನು ಗಂಡು.
ನನಗೆ ಎಂಟು ಗಂಟೆ.
ಸಿಯಾಟಲ್ಲಿನ ಯೂನಿವರ್ಸಿಟಿ ಅಂದ ದಿನದಿಂದ
ಅಮ್ಮ ನಾಲ್ಕು ದಿನ ಮಾತಾಡಲಿಲ್ಲ,
ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ಹಾಳೆ ಕೇಳದ ಸಂಗತಿಗಳೂ ಇವೆ.
ಶನಿವಾರ ಬ್ರಿಹಿದಾ ಚಿಕ್ಕಮ್ಮನ ಅಡುಗೆಮನೆ,
ಮೊಣಕೈತನಕ ಜೋಳದ ಹಿಟ್ಟು,
ಯಾರದೋ ಗಂಡನ ಕಥೆಗೆ ಆರು ಹೆಂಗಸರು
ಸೆರಗಿಲ್ಲದಿದ್ದರೂ ಬಾಯಿಗೆ ಏಪ್ರನ್ ಅಡ್ಡ ಹಿಡಿದು ನಗುವುದು.
ಕಸಿನ್ ಯಾರೆಲಿ ರಾತ್ರಿ ಫೋನು ಮಾಡಿ
ಏನೂ ಮಾತಾಡದೆ ಉಗುರಿಗೆ ಬಣ್ಣ ಹಚ್ಚಿಕೊಳ್ಳುವುದು.
ಅವಳ ಉಸಿರು ಕೇಳುತ್ತಾ
ನಾನು ಎಷ್ಟೋ ರಾತ್ರಿ ಈಚೆ ದಡಕ್ಕೆ ಬಂದಿದ್ದೇನೆ.

ಆರನೆಯ ಪ್ರಶ್ನೆ.
ನಾನು ಸೋತವಳು, ಮನೆಯವರ
ನಂಬಿಕೆ ಕೆಡಿಸಿದವಳು ಅಂತ…
ಅಷ್ಟಕ್ಕೇ ನಿಂತಿತು. ಎರಡೂ ಭಾಷೆ ಕೈಕೊಟ್ಟವು.

ಅಮ್ಮ ಹಾಳೆ ನೋಡಲಿಲ್ಲ. ನನ್ನನ್ನು ನೋಡಿದಳು,
ಬಹಳ ಹೊತ್ತು, ಬೆಲ್ಟು ನಿಂತಾಗ ನೋಡುವ ಹಾಗೆ.
“ಇದು ಯಾರನ್ನು ಕೇಳುತ್ತಿದೆ, ನೆರೇಯ್ದಾ?”
ಪೆನ್ಸಿಲ್ಲು ಕಸಿದುಕೊಂಡಳು.
“ನೀನು ಹೇಳು, ನಾನು ತುಂಬುತ್ತೇನೆ.”
ಅಮ್ಮ, ನಿನಗೆ ಓದಲು ಬರುವುದಿಲ್ಲ.
“ನಾಲ್ಕು ಚೌಕ ತಾನೆ? ಹದಿನಾಲ್ಕು ವರ್ಷದಿಂದ
ವಿಂಗಡಿಸುವುದೇ ನನ್ನ ಕಸುಬು.
ಸಿಪ್ಪೆ ಮಿನುಗುತ್ತಿದ್ದರೂ ಒಳಗೆ ಕಂದಿದ್ದು
ಬೆರಳಿಗೆ ಗೊತ್ತಾಗುತ್ತದೆ.”
ಮೇಣ ಹತ್ತಿ ಒರಟಾದ ಹೆಬ್ಬೆರಳು
ನನ್ನ ಕಣ್ಣ ಕೆಳಗೆ ಒತ್ತಿದಳು.
“ಕಂದಿದ್ದನ್ನು ನಾವು ಎಸೆಯುವುದಿಲ್ಲ,
ಬೇರೆ ಬುಟ್ಟಿ ಇದೆ ಅದಕ್ಕೆ” ಅಂದಳು, ಮತ್ತೆ
ತಪ್ಪು ಮಾತಾಡಿದೆನೇನೋ ಎಂಬಂತೆ ಸುಮ್ಮನಾದಳು.

ಸಿಯಾಟಲ್ಲಿನ ಮಾತು ಬರಲಿಲ್ಲ. ಎಂಟು ಗಂಟೆಯದೂ.
ನಾನು ಹೇಳಿದೆ: ದಿನಾಲೂ, ಅಮ್ಮ.
ನಾಲ್ಕನೆಯ ಚೌಕ ಹುಡುಕಿ
ಕಾಗದ ತೂತಾಗುವ ಹಾಗೆ ತುಂಬಿದಳು.

ನರ್ಸು ಬಾಗಿಲಲ್ಲಿ ನಿಂತು
ನಮ್ಮ ಮನೆತನದ ಹೆಸರು ಮುರಿದು ಕೂಗಿದಳು.
ಇಬ್ಬರೂ ಎದ್ದೆವು.